ಅಪ್ಪನ ಚೀಟಿಗಳನ್ನು ಸದ್ಯಕ್ಕೆ ಮುಟ್ಟಬೇಡಿ

ತಿಪಟೂರಿನ ಓದುಗರೊಬ್ಬರ ಪತ್ರ: ಕೊಬ್ಬರಿ ವ್ಯಾಪಾರ ಬಿಟ್ಟು ಮನೆಯಲ್ಲಿರುವ ಅಪ್ಪ ಹಳೇ ಮಂಡಿ ಚೀಟಿ, ಕರೆಂಟ್ ಬಿಲ್, ಲಗ್ನಪತ್ರಿಕೆ ಏನನ್ನೂ ಬಿಸಾಡುವುದಿಲ್ಲ. ಮೊದಲಿಂದಲೂ ಹೀಗೇ, ಈಗ ಜಾಸ್ತಿ. ಹಾಲ್‌ನಲ್ಲಿ ಕೂರಲು ಜಾಗವಿಲ್ಲ. ಬೀರುವಿನಲ್ಲಿಡಿ ಅಂದರೆ ‘ಕಣ್ಣಿಗೆ ಕಾಣದಿದ್ರೆ ಮರ್ತೇ ಹೋಗುತ್ತೆ’ ಅನ್ನುತ್ತಾರೆ. ಅವರಿಲ್ಲದಾಗ ಎರಡು ಮೂಟೆ ಗುಜರಿಗೆ ಹಾಕಿದೆವು, ಆಮೇಲೆ ನಮ್ಮ ಜೊತೆ ಮಾತೇ ಇಲ್ಲ. ಇದು ಮರೆವಾ, ಹಟವಾ?

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗೆ ಅಪ್ಪನ ಆ ಮಾತಿನಲ್ಲೇ ಅರ್ಧ ಉತ್ತರವಿದೆ. ಹೋರ್ಡಿಂಗ್ ಡಿಸಾರ್ಡರ್, ಅಂದರೆ ಏನನ್ನೂ ಬಿಸಾಡಲಾಗದೆ ಕೂಡಿಡುವ ಕಾಯಿಲೆ ಇರುವ ಬಹಳ ಜನ ಹೇಳುವುದು ಅದನ್ನೇ. ಅಪ್ಪನಿಗೆ ಅದೇ ಇದೆಯಾ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು, ಅಲ್ಲಿವರೆಗೆ ಒಸಿಡಿ (ಒಂದೇ ಯೋಚನೆ ಮತ್ತೆ ಮತ್ತೆ ಕಾಡಿ, ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಜೊತೆಗೇ ಸೇರಿಸಿ ನೋಡುತ್ತಿದ್ದರು.

2004ರ ಒಂದು ಅಧ್ಯಯನದಲ್ಲಿ ಇಂಥವರಿಗೆ ಒಂದು ಗೋಜಲು ಚಿತ್ರ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ನೆನಪಿನಿಂದ ಬರೆಯಲು ಹೇಳಿದರು. ಬೇರೆಯವರಿಗಿಂತ ಕಡಿಮೆ ನೆನಪಿತ್ತು. ಆದರೆ ಮುಂದೆ ನಡೆದ ಕೆಲವು ಪರೀಕ್ಷೆಗಳಲ್ಲಿ ಆ ಕೊರತೆ ಕಾಣಲಿಲ್ಲ. ನನಗೆ ಮುಖ್ಯ ಅನಿಸುವುದು ಇನ್ನೊಂದು: ತಮ್ಮ ನೆನಪಿನ ಮೇಲೆ ಇವರಿಗೆ ನಂಬಿಕೆಯೇ ಇರುವುದಿಲ್ಲ. ಮರೆತರೆ ಏನೋ ದೊಡ್ಡ ಅನಾಹುತ ಆಗುತ್ತೆ ಅನ್ನುವ ಭಯ, ಅದಕ್ಕೇ ಎಲ್ಲವೂ ಕಣ್ಣೆದುರಿಗೇ ಇರಬೇಕು.

ಗಮನದ ಕಷ್ಟ ಬೇರೆ. ಅಪ್ಪ ವಿಂಗಡಿಸಲು ಕೂತಾಗ ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಒಂದು ಚೀಟಿ ಎತ್ತುತ್ತಾರೆ, ಆ ವರ್ಷದ ರೇಟು ನೆನಪಾಗುತ್ತೆ, ಆ ಮಂಡಿಯವರು ನೆನಪಾಗುತ್ತಾರೆ, ಅಷ್ಟರಲ್ಲಿ ಕೈ ಇನ್ನೊಂದು ಚೀಟಿಗೆ ಹೋಗಿ ಮೊದಲಿನದು ಮತ್ತೆ ರಾಶಿಯ ಮೇಲೇ ಕೂರುತ್ತೆ. ನಮಗೆ ಅವೆಲ್ಲ ‘ಹಳೇ ಬಿಲ್ಲು’, ಅವರಿಗೆ ಒಂದೊಂದೂ ಬೇರೆ. 2012ರಲ್ಲಿ ಇಂಥವರ ಮಿದುಳನ್ನು ಸ್ಕ್ಯಾನ್ ಮಾಡುತ್ತಾ, ಕಾಗದ ಇಟ್ಟುಕೊಳ್ಳುತ್ತೀರಾ, ಚೂರು ಮಾಡೋಣವಾ ಅಂತ ಕೇಳಿದರು. ಬೇರೆಯವರ ಕಾಗದವಾದರೆ ನಿರ್ಧಾರಕ್ಕೆ ಸಂಬಂಧಿಸಿದ ಭಾಗಗಳು ಮಂಕಾಗಿದ್ದವು, ತಮ್ಮದೇ ಕಾಗದವಾದರೆ ಅತಿಯಾಗಿ ಕೆಲಸ ಮಾಡಿದವು. ಇದನ್ನು ಹಟ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ ಎರಡು ಮೂಟೆಗೆ ಮೊದಲು ಕ್ಷಮೆ ಕೇಳಿ. ನೀವು ಒಳ್ಳೇದಕ್ಕೇ ಮಾಡಿದ್ದು, ಆದರೆ ಕೇಳದೆ ಬಿಸಾಡಿದರೆ ಅವರು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಒಂದೇ ಬಗೆಯ ಕಾಗದ ತೆಗೆದುಕೊಳ್ಳಿ, ಬರೀ ಕರೆಂಟ್ ಬಿಲ್. ಟಿವಿ ಆಫ್ ಮಾಡಿ, ಹತ್ತು ನಿಮಿಷ ಸಾಕು. ಯಾವುದು ಹೋಗಬೇಕು ಅಂತ ಅವರೇ ಹೇಳಲಿ. ಉಳಿಸಿದ್ದನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆಯಿರಿ, ಆಗ ಕಾಣದೆ ಹೋಗುವ ಭಯ ಸ್ವಲ್ಪ ಕಡಿಮೆಯಾಗುತ್ತದೆ. ದಾರಿ ಮತ್ತು ಅಡುಗೆ ಒಲೆಯ ಸುತ್ತ ಮಾತ್ರ ಕಾಯಬೇಡಿ, ಅವರಿಗೆ ಹೇಳಿಯೇ ಇವತ್ತೇ ಜಾಗ ಮಾಡಿ.

ಇದಕ್ಕೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ, ನಿಧಾನವಾಗಿ ಫಲ ಕೊಡುತ್ತದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಉಚಿತವಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ತುಮಕೂರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ನೋಡಬಹುದು. ಹಣದ ಲೆಕ್ಕ ತಪ್ಪುವುದು, ಗೊತ್ತಿರುವ ದಾರಿ ಮರೆಯುವುದು ಇತ್ತೀಚೆಗೆ ಶುರುವಾಗಿದ್ದರೆ ಅದು ಬೇರೆಯೇ ವಿಷಯ, ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.