ಫಲಕದ ಮೇಲಿನ ಶೇಕಡಾ 98

ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರೊಬ್ಬರ ಪತ್ರದ ಸಾರಾಂಶವಿದು: ಅವರ ಮಗ ಬಾಲಕರ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಶಾಲೆಯ ಫಲಕದಲ್ಲಿ ‘ಫಲಿತಾಂಶ ಶೇ. 98’ ಎಂದು ಬರೆದಿದೆ. ಹುಡುಗನಿಗೋ ಉರು ಹೊಡೆದದ್ದನ್ನು ಬಿಟ್ಟು ಸ್ವಂತವಾಗಿ ಹತ್ತು ಸಾಲು ಬರೆಯಲು ಬರುವುದಿಲ್ಲ. ಇದು ಶಾಲೆಯ ದೋಷವೋ, ಬರೀ ಹುಡುಗರೇ ಇರುವುದರ ದೋಷವೋ, ಅವನನ್ನು ಸಹಶಿಕ್ಷಣದ ಶಾಲೆಗೆ ಸೇರಿಸಬೇಕೋ ಎಂದು ಕೇಳಿದ್ದಾರೆ.

ಮಾನ್ಯರೇ,

ಮೊದಲು ಆ ಫಲಕವನ್ನೇ ಸರಿಯಾಗಿ ಓದೋಣ. ಅದು ಪರೀಕ್ಷೆಗೆ ಕುಳಿತವರ ಲೆಕ್ಕವೇ ಹೊರತು ಶಾಲೆಗೆ ಸೇರಿದವರ ಲೆಕ್ಕವಲ್ಲ. ಎಂಟನೆಯ ತರಗತಿಗೆ 120 ಹುಡುಗರು ಸೇರಿದರು, ಹತ್ತನೆಯ ತರಗತಿಯ ಹೊತ್ತಿಗೆ 25 ಮಂದಿ ವರ್ಗಾವಣೆ ಪತ್ರ ಪಡೆದು ಹೋದರು ಅಥವಾ ಹಾಗೆ ಹೋಗುವುದೇ ಒಳ್ಳೆಯದೆಂದು ಅವರ ಪಾಲಕರಿಗೆ ಮೆಲ್ಲಗೆ ತಿಳಿಹೇಳಲಾಯಿತು ಎಂದಿಟ್ಟುಕೊಳ್ಳಿ. ಉಳಿದ 95 ಮಂದಿಯಲ್ಲಿ 93 ಮಂದಿ ತೇರ್ಗಡೆಯಾದರೆ ಫಲಕದ ಮೇಲೆ 98 ಎಂದು ಬರೆಯುವುದು ಸುಳ್ಳಾಗುವುದಿಲ್ಲ. ಆದರೆ ಸೇರಿದವರನ್ನೆಲ್ಲ ಎಣಿಸಿದರೆ ಅದು ಶೇ. 77.5 ಮಾತ್ರ. ಪ್ರವೇಶ ಪರೀಕ್ಷೆ ನಡೆಸಿ ಜಾಣರನ್ನಷ್ಟೇ ಆರಿಸಿಕೊಳ್ಳುವ ಶಾಲೆಯಾದರೆ ಗೆಲುವಿನಲ್ಲಿ ಶಾಲೆಯ ಪಾಲೆಷ್ಟು, ಹುಡುಗರ ಪಾಲೆಷ್ಟು ಎಂದು ಬಿಡಿಸಿ ಹೇಳುವುದೇ ಕಷ್ಟ. ಇಂಗ್ಲೆಂಡಿನಲ್ಲಿ 2016ರಿಂದ ಪ್ರೌಢಶಾಲೆಗಳಿಗೆ ಬೇರೊಂದು ಅಳತೆಯನ್ನು ಬಳಕೆಗೆ ತಂದರು: ಹನ್ನೊಂದನೆಯ ವಯಸ್ಸಿನಲ್ಲಿ ಸಮನಾದ ಅಂಕ ಪಡೆದಿದ್ದ ಉಳಿದ ಮಕ್ಕಳಿಗಿಂತ ಈ ಶಾಲೆಯ ಮಕ್ಕಳು ಎಂಟು ವಿಷಯಗಳಲ್ಲಿ ಎಷ್ಟು ಮುಂದೆ ಹೋದರು ಅಥವಾ ಹಿಂದೆ ಬಿದ್ದರು ಎಂಬುದೇ ಆ ಅಳತೆ. ಅದಕ್ಕೂ ಕೊರತೆಗಳಿವೆ, ಆದರೆ ಅದು ಕೇಳುವ ಪ್ರಶ್ನೆ ಸರಿಯಾದದ್ದು.

ಹುಡುಗರೇ ಇರುವುದು ದೋಷವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. 21 ದೇಶಗಳ 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ವಿದ್ಯಾರ್ಥಿಗಳ ಹಿನ್ನೆಲೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಏಕಲಿಂಗ ಶಾಲೆಗೂ ಸಹಶಿಕ್ಷಣಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಪ್ರೌಢಶಾಲೆಗಳಿಗೆ ಹಂಚುತ್ತಿದ್ದ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಬಾಲಕರ ಶಾಲೆಗಳ ಹುಡುಗರಿಗೆ ಭಾಷಾ ವಿಷಯಗಳಲ್ಲಿ ಕೊಂಚ ಹೆಚ್ಚು ಅಂಕ ಬಂದದ್ದೂ ಉಂಟು. ಆದ್ದರಿಂದ ಆ ಕಾರಣಕ್ಕೇ ಶಾಲೆ ಬಿಡಿಸುವುದನ್ನು ನಾನು ಒಪ್ಪುವುದಿಲ್ಲ.

ನಿಜವಾಗಿ ಚಿಂತಿಸಬೇಕಾದದ್ದು ಆ ಹತ್ತು ಸಾಲುಗಳ ವಿಚಾರ. ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ 2018ರಲ್ಲಿ ನಡೆದ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯಲ್ಲಿ, ಭಾಗವಹಿಸಿದ ಎಲ್ಲ ದೇಶಗಳಲ್ಲೂ ಓದಿನಲ್ಲಿ ಹುಡುಗಿಯರೇ ಮುಂದಿದ್ದರು. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯ ದೇಶಗಳ ಸರಾಸರಿಯಲ್ಲಿ ಅಂತರ 30 ಅಂಕಗಳಷ್ಟಿತ್ತು, ಗಣಿತದಲ್ಲಿ ಹುಡುಗರ ಮುನ್ನಡೆ ಐದು ಅಂಕ ಮಾತ್ರ. ಎಂದರೆ ಬಾಲಕರ ಶಾಲೆಯೊಂದು ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ಓದು ಬರಹದ ಶಾಲೆಯಾಗಬೇಕು. ಆದರೆ ಅನೇಕ ಕಡೆ ನಡೆಯುವುದು ತದ್ವಿರುದ್ಧ: ‘ಹುಡುಗರು ಓದುವುದಿಲ್ಲ ಬಿಡಿ’ ಎಂಬ ಮಾತನ್ನು ಶಿಕ್ಷಕರೇ ಆಡುತ್ತಾರೆ, ಗ್ರಂಥಾಲಯಕ್ಕೆ ಬೀಗ ಬೀಳುತ್ತದೆ, ಭಾಷೆಯ ಅವಧಿಯನ್ನು ಗಣಿತದ ಪುನರಾವರ್ತನೆಗೆ ಬಿಟ್ಟುಕೊಡುತ್ತಾರೆ. ಹುಡುಗರಷ್ಟೇ ಇರುವ ಶಾಲೆಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಭಿತ್ತಿಪತ್ರಿಕೆಯ ಸಂಪಾದಕ, ಪದ್ಯ ಓದುವವನು, ನಾಟಕದಲ್ಲಿ ಅಳುವವನು, ಅಂದವಾಗಿ ಬರೆಯುವವನು ಎಲ್ಲರೂ ಹುಡುಗರೇ ಆಗಬೇಕು. ಇವು ಹುಡುಗಿಯರ ಕೆಲಸವೆಂದು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಇನ್ನು ಶಿಸ್ತು. ನಿಮ್ಮ ಪತ್ರದಲ್ಲಿ ‘ತರಗತಿಗಳು ಬಹಳ ನಿಶ್ಶಬ್ದವಾಗಿರುತ್ತವೆ’ ಎಂದು ಮೆಚ್ಚಿ ಬರೆದಿದ್ದೀರಿ. ನನಗೆ ಆ ಮೆಚ್ಚುಗೆ ಇಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಪ್ರಶ್ನೆಯನ್ನೇ ಕೇಳದೆ ನೋಟ್ಸ್ ಬರೆಸುವ ತರಗತಿಯಲ್ಲಿ ನಿಶ್ಶಬ್ದವಿದ್ದೇ ಇರುತ್ತದೆ. ಮಾತಿನಲ್ಲಿ ಒಂದು ವಾಕ್ಯವನ್ನು ತಾನಾಗಿ ಕಟ್ಟದ ಹುಡುಗ ಕಾಗದದ ಮೇಲೆ ಹತ್ತನ್ನು ಕಟ್ಟಲಾರ.

ಹಾಗಾಗಿ ಮುಂದಿನ ಪಾಲಕರ ಸಭೆಗೆ ಮಗನ ನೋಟ್‌ಬುಕ್ಕುಗಳನ್ನು ಒಯ್ಯಿರಿ. ಅವನ ಪಕ್ಕದಲ್ಲಿ ಕೂರುವ ಹುಡುಗನ ನೋಟ್‌ಬುಕ್ಕಿನಲ್ಲೂ ಅಕ್ಷರಶಃ ಅದೇ ಉತ್ತರಗಳಿವೆಯೇ, ಕೆಂಪು ಶಾಯಿಯಲ್ಲಿ ಬರೀ ಗುರುತುಗಳಿವೆಯೇ ಅಥವಾ ‘ಇದನ್ನು ನಿನ್ನ ಮಾತಿನಲ್ಲಿ ಮತ್ತೆ ಬರೆ’ ಎಂಬಂಥ ಒಂದಾದರೂ ಮಾತು ಇದೆಯೇ ಎಂದು ನೋಡಿ. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಲೆಕ್ಕ ಅವರ ಹಾಜರಿ ಪುಸ್ತಕದಲ್ಲೇ ಇರುತ್ತದೆ. ವಾರಕ್ಕೊಮ್ಮೆ ಸ್ವಂತ ಬರವಣಿಗೆ ಬರೆಸಿ ತಿದ್ದಿಕೊಡಲು ಭಾಷಾ ಶಿಕ್ಷಕರು ಒಪ್ಪಿದರೆ ಈ ವರ್ಷ ಪೂರ್ತಿ ಕಾಯಿರಿ, ಮನೆಯಲ್ಲೂ ಅವನು ಬರೆದದ್ದನ್ನು ಅಂಕ ಹಾಕದೆ ಓದಿ. ವರ್ಷದ ಕೊನೆಗೂ ಅದೇ ನೋಟ್ಸ್, ಅದೇ ಮೌನ ಎಂದಾದರೆ ಹತ್ತನೆಯ ತರಗತಿ ಆರಂಭವಾಗುವ ಮುನ್ನವೇ ಶಾಲೆ ಬದಲಿಸಿ. ಹೊಸ ಶಾಲೆ ಬಾಲಕರದೋ ಸಹಶಿಕ್ಷಣದ್ದೋ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ವಿಚಾರಿಸಿದರೂ ಸಾಕು.

— ಸಂಪಾದಕ