ಬುಲೆಟ್ ಕಾಸ್ಟ್ ಐರನ್: ಇಂಜಿನ್ ಕಟ್ಟಿದ ಮೇಲೆ ಹೆಡ್‌ಗೆ ಆಯಿಲ್ ಬರ್ತಿಲ್ಲ ಅಂದ್ರೆ

ಸರ್, ನೀವು ಬರೆದಿದ್ದು ಇಷ್ಟು: ಹಳೇ ಬುಲೆಟ್ 350, ಬೋರ್ ಮಾಡಿಸಿ ಹೊಸ ಕನೆಕ್ಟಿಂಗ್ ರಾಡ್ ಹಾಕಿಸಿದೀರಿ. ರಾಕರ್‌ಗೆ (ಹೆಡ್‌ನಲ್ಲಿ ವಾಲ್ವ್ ಒತ್ತುವ ತೋಳು) ಹೋಗುವ ಪೈಪು ಸಡಿಲಿಸಿ ಇಪ್ಪತ್ತು ಕಿಕ್ ಹೊಡೆದರೂ ಒಂದು ಹನಿ ಬಂದಿಲ್ಲ. ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟರೆ ತಾನೇ ಬರುತ್ತೆ ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ.

ಸದ್ಯಕ್ಕೆ ಸ್ಟಾರ್ಟ್ ಮಾಡಬೇಡಿ. ಟೈಮಿಂಗ್ ಕವರ್ (ಆಯಿಲ್ ಪಂಪು ಇರುವ ಇಂಜಿನ್ನಿನ ಬಲಬದಿಯ ಮುಚ್ಚಳ) ಬಿಚ್ಚುವ ಅವಸರವೂ ಬೇಡ. ಇಪ್ಪತ್ತು ಕಿಕ್‌ಗೆ ಆಯಿಲ್ ಬರದೇ ಇರೋದು ಈ ಇಂಜಿನ್ನಿನಲ್ಲಿ ದೋಷ ಅಲ್ಲ. ಕ್ರ್ಯಾಂಕಿನ ತುದಿಯ ವರ್ಮ್ (ಸ್ಕ್ರೂ ಥರದ ಗೇರು) ಆಯಿಲ್ ಪಂಪಿನ ಸ್ಪಿಂಡಲ್ಲನ್ನು ತಿರುಗಿಸುತ್ತೆ, ಆದರೆ ಇಂಜಿನ್ ಹನ್ನೆರಡು ಸುತ್ತು ಸುತ್ತಿದರೆ ಸ್ಪಿಂಡಲ್ ಒಂದೇ ಸುತ್ತು. ಜೊತೆಗೆ ಪಂಪು ಎರಡು. ಫೀಡ್ ಪಂಪು ಆಯಿಲ್ ಟ್ಯಾಂಕಿನಿಂದ ಎಳೆದು ಫಿಲ್ಟರ್ ದಾಟಿಸಿ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಬೇರಿಂಗ್) ತಳ್ಳುತ್ತೆ. ರಿಟರ್ನ್ ಪಂಪು ಕ್ರ್ಯಾಂಕ್‌ಕೇಸಿನ ತಳದಲ್ಲಿ ಬಿದ್ದದ್ದನ್ನು ಎತ್ತಿ ಸ್ವಲ್ಪ ರಾಕರ್‌ಗೆ, ಉಳಿದದ್ದು ಟ್ಯಾಂಕಿಗೆ ಕಳಿಸುತ್ತೆ. ಹೊಸದಾಗಿ ಕಟ್ಟಿದ ಇಂಜಿನ್ನಿನ ತಳ ಒಣಗಿರುತ್ತೆ. ಎತ್ತೋಕೆ ಏನೂ ಇಲ್ಲದಾಗ ರಾಕರ್‌ಗೆ ಎಲ್ಲಿಂದ ಬರಬೇಕು?

ಇದರಿಂದಲೇ ಇನ್ನೊಂದು ಮಾತು ಹೊರಡುತ್ತೆ, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ರಾಕರ್‌ಗೆ ಆಯಿಲ್ ಬಂತು ಅಂದ್ರೆ ರಿಟರ್ನ್ ಪಂಪು ಕೆಲಸ ಮಾಡ್ತಿದೆ ಅಂತ ಅಷ್ಟೇ. ಬಿಗ್ ಎಂಡ್‌ಗೆ ಆಯಿಲ್ ಹೋಗ್ತಿದೆ ಅನ್ನೋದಕ್ಕೆ ಅದು ಸಾಕ್ಷಿಯಲ್ಲ. ಹೆಡ್‌ನಲ್ಲಿ ಆಯಿಲ್ ನೋಡಿ ನಿಶ್ಚಿಂತೆಯಿಂದ ಓಡಿಸಿದ ಗಾಡಿಯೂ ಬಿಗ್ ಎಂಡ್ ಹಿಡಿದು ನಿಲ್ಲಬಹುದು.

ಮೊದಲು ಪ್ರೈಮ್ ಮಾಡಿ, ಅಂದ್ರೆ ಒಣಗಿರುವ ಪಂಪು, ದಾರಿಗಳಿಗೆ ಕೈಯಿಂದಲೇ ಆಯಿಲ್ ತುಂಬಿ. ಟ್ಯಾಂಕಿಗೆ 20ಡಬ್ಲ್ಯೂ50 ಆಯಿಲನ್ನು ಡಿಪ್‌ಸ್ಟಿಕ್ ಮೇಲಿನ ಗೆರೆವರೆಗೆ ಹಾಕಿ. ಎರಡೂ ಪಂಪಿನ ಮುಚ್ಚಳ ತೆಗೆದು ಒಳಗೆ ಆಯಿಲ್ ತುಂಬಿ ಮುಚ್ಚಿ. ಪಂಪಿನೊಳಗಿನ ಡಿಸ್ಕು (ಆಯಿಲ್ ದಾರಿ ತೆರೆದು ಮುಚ್ಚುವ ತಟ್ಟೆ), ಪ್ಲಂಜರ್ ಒಂದರದ್ದು ಇನ್ನೊಂದಕ್ಕೆ ಹೋಗದ ಹಾಗೆ ಒಂದು ಪಂಪಿನ ಕೆಲಸ ಮುಗಿಸಿಯೇ ಇನ್ನೊಂದನ್ನು ಮುಟ್ಟಿ. ಫಿಲ್ಟರ್ ಮುಚ್ಚಳ ಬಿಚ್ಚಿ ಆ ಖಾನೆಗೂ ಆಯಿಲ್ ತುಂಬಿ. ಹಾಗೇ ಫೆಲ್ಟ್, ತಟ್ಟೆ, ಸ್ಪ್ರಿಂಗ್ ಸರಿಯಾದ ಸಾಲಿನಲ್ಲಿವೆಯಾ ನೋಡಿ, ಹಿಂದುಮುಂದಾದರೆ ದಾರಿ ಅಲ್ಲೇ ಕಟ್ಟುತ್ತೆ. ಬ್ರೀದರ್ ಪೈಪು (ಇಂಜಿನ್ನಿನ ಒಳಗಾಳಿ ಹೊರಗೆ ಬಿಡುವ ಪೈಪು) ತೆಗೆದು ಅದರ ಬಾಯಿಂದ ಕ್ರ್ಯಾಂಕ್‌ಕೇಸಿಗೆ 150 ಎಂಎಲ್ ಬಿಡಿ. ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿ. ಚಕ್ರದ ಒಂದು ಸುತ್ತಿಗೆ ಇಂಜಿನ್ ಸುಮಾರು ಐದು ಸುತ್ತು ಸುತ್ತುತ್ತೆ. ನೂರು ಸುತ್ತು ತಿರುಗಿಸಿದರೆ ಪಂಪು ನಲವತ್ತು ಸುತ್ತು ತಿರುಗಿದ ಲೆಕ್ಕ. ಕಿಕ್ಕರ್ ಹೊಡೆದು ಕಾಲು ನೋಯಿಸಿಕೊಳ್ಳೋದಕ್ಕಿಂತ ಇದು ಎಷ್ಟೋ ಮೇಲು.

ಈಗ ಟೈಮಿಂಗ್ ಕವರಿನಲ್ಲಿ ಕ್ರ್ಯಾಂಕಿನ ತುದಿಗೆ ಎದುರಾಗಿರುವ ಫೀಡ್ ಪ್ಲಗ್ಗನ್ನು ಎರಡು ಮೂರು ಎಳೆ ಸಡಿಲಿಸಿ ಚಕ್ರ ತಿರುಗಿಸುತ್ತಾ ಇರಿ. ಆಯಿಲ್ ಒತ್ತಿ ಒತ್ತಿ ಜಿನುಗಬೇಕು. ಜಿನುಗಿದರೆ ಪ್ಲಗ್ ಬಿಗಿ ಮಾಡಿ, ಕೆಳಗೆ ಹೇಳಿರುವ ಕಾರ್ಕ್ ಸೀಲು, ಕ್ರ್ಯಾಂಕ್ ಪಿನ್ನಿನ ರಂಧ್ರ ಎರಡೂ ಸರಿ ಇವೆ ಅಂತ ಖಚಿತವಾದ ಮೇಲೆ ಸ್ಟಾರ್ಟ್ ಮಾಡಿ, ನಿಧಾನ ಐಡಲಿನಲ್ಲಿ ರಾಕರ್ ಪೈಪಿನ ಬ್ಯಾಂಜೋ ಬೋಲ್ಟ್ (ಆಯಿಲ್ ಹಾಯುವ ಟೊಳ್ಳು ಬೋಲ್ಟ್) ಸಡಿಲಿಸಿ ನೋಡಿ. ಒಂದು ನಿಮಿಷದೊಳಗೆ ಒದ್ದೆಯಾಗಬೇಕು. ಆಗಲಿಲ್ಲ ಅಂದ್ರೆ ಆಫ್ ಮಾಡಿ.

ಫೀಡ್ ಪ್ಲಗ್ಗಿನಲ್ಲೇ ಏನೂ ಬರಲಿಲ್ಲ ಅಂದ್ರೆ ಆಯಿಲ್ ಡ್ರೈನ್ ಮಾಡಿ ಕವರ್ ಬಿಚ್ಚಬೇಕು. ಮೊದಲು ನೋಡಬೇಕಾದ್ದು ಕವರಿನ ಪ್ಯಾಕಿಂಗ್ (ಗ್ಯಾಸ್ಕೆಟ್). ಕೈಯಲ್ಲಿ ಕತ್ತರಿಸಿದ ಪ್ಯಾಕಿಂಗಿನಲ್ಲಿ ಆಯಿಲ್ ದಾರಿಯ ಒಂದು ರಂಧ್ರ ಬಿಟ್ಟುಹೋಗೋದು ಬಹಳ ಸಾಮಾನ್ಯ. ಅನಾಬಾಂಡ್ ಅಂಟು ಧಾರಾಳವಾಗಿ ಬಳಿದಿದ್ದರೆ ಅದು ಒಳಕ್ಕೆ ಹಿಂಡಿಕೊಂಡು ರಂಧ್ರ ಮುಚ್ಚಿರುತ್ತೆ. ಆಮೇಲೆ ವರ್ಮ್ ನಟ್. ಅದು ಉಲ್ಟಾ ಎಳೆ, ಬಿಚ್ಚೋದು ಬಲಕ್ಕೆ. ಗೊತ್ತಿಲ್ಲದೆ ಎಡಕ್ಕೆ ಒತ್ತಿದರೆ ಎಳೆ ಹೋಗುತ್ತೆ, ಸಡಿಲ ಉಳಿದರೆ ಪಂಪೇ ತಿರುಗೋದಿಲ್ಲ. ವರ್ಮ್ ಅಥವಾ ಸ್ಪಿಂಡಲ್ ಹೊಸದು ಹಾಕಿದ್ದರೆ ಎರಡೂ ಒಂದೇ ಜೋಡಿಯದಾ ನೋಡಿ. ಪಂಪನ್ನು ಎರಡು ಪಟ್ಟು ವೇಗದಲ್ಲಿ ತಿರುಗಿಸುವ ಎರಡೆಳೆಯ ವರ್ಮ್ ಕೂಡ ಮಾರುಕಟ್ಟೆಯಲ್ಲಿದೆ. ಅದನ್ನು ಹಳೇ ಸ್ಪಿಂಡಲ್ ಜೊತೆ ಕೂಡಿಸಿದರೆ ಹಲ್ಲು ತಿಂದುಹಾಕುತ್ತೆ.

ಡಿಸ್ಕಿನ ಮುಖದಲ್ಲಿ ಗೀರು ಇದ್ದರೆ ನಯವಾದ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅದೇ ಸೀಟಿನ ಮೇಲೆ, ಮುಖದ ಎಲ್ಲ ಕಡೆಯೂ ಒಂದೇ ಥರ ಮಂಕು ಬಣ್ಣ ಬರುವವರೆಗೆ ತಿಕ್ಕಿ. ಪೇಸ್ಟಿನ ಒಂದು ಕಣವೂ ಉಳಿಯಬಾರದು, ಸೀಮೆಎಣ್ಣೆಯಲ್ಲಿ ತೊಳೆದು ಪ್ರತಿ ರಂಧ್ರಕ್ಕೂ ಗಾಳಿ ಹೊಡೆಸಿ. ಪಂಪ್ ಮುಚ್ಚಳದ ಪ್ಯಾಕಿಂಗ್ ತೆಳುವಾಗಿರಲಿ. ದಪ್ಪ ಹಾಕಿದರೆ ಸ್ಪ್ರಿಂಗಿನ ಒತ್ತಡ ಕಮ್ಮಿಯಾಗಿ ಡಿಸ್ಕು ಸೀಟಿನಿಂದ ಏಳುತ್ತೆ.

ಇನ್ನು ಎರಡು ವಿಷಯ, ಫೀಡ್ ಪ್ಲಗ್ಗಿನಲ್ಲಿ ಆಯಿಲ್ ಚೆನ್ನಾಗಿ ಬಂದರೂ ಬಿಡದೆ ನೋಡಬೇಕಾದವು. ಒಂದು, ಕ್ರ್ಯಾಂಕಿನ ತುದಿ ಕೂರುವ ಕಾರ್ಕ್ ಸೀಲು. ಕವರಿನಿಂದ ಬಂದ ಆಯಿಲ್ ಕ್ರ್ಯಾಂಕಿನೊಳಕ್ಕೆ ಹೋಗೋದು ಈ ಸಣ್ಣ ಕಾರ್ಕಿನ ಹಿಡಿತದಿಂದಲೇ. ಅದು ಇಲ್ಲದಿದ್ದರೆ ಅಥವಾ ಒಣಗಿ ಕುಗ್ಗಿದ್ದರೆ ಆಯಿಲ್ ಟೈಮಿಂಗ್ ಖಾನೆಗೆ ಸೋರುತ್ತೆ. ಪಂಪು ಸರಿ, ಫಿಲ್ಟರ್ ಸರಿ, ಲೆವೆಲ್ಲೂ ಸರಿ, ಬಿಗ್ ಎಂಡ್ ಮಾತ್ರ ಒಣ. ಇಂಜಿನ್ ಕಟ್ಟಿದಾಗಲೆಲ್ಲ ಹೊಸದೇ ಹಾಕಬೇಕು. ಕವರ್ ಒತ್ತಿದಾಗ ಕಾರ್ಕ್ ಸ್ವಲ್ಪ ಅಮುಕಿಕೊಂಡು ಕೂರಬೇಕು.

ಎರಡು, ಕ್ರ್ಯಾಂಕ್ ಪಿನ್ನಿನ (ಬಿಗ್ ಎಂಡ್ ಕೂರುವ ಪಿನ್) ರಂಧ್ರ. ಹೊಸ ಪಿನ್ ಪ್ರೆಸ್ ಮಾಡುವಾಗ ಅದರ ಆಯಿಲ್ ರಂಧ್ರ ಫ್ಲೈವೀಲಿನ ರಂಧ್ರಕ್ಕೆ ಸರಿಯಾಗಿ ಎದುರು ಬರಬೇಕು, ಸ್ವಲ್ಪ ತಿರುಗಿ ಕೂತರೂ ದಾರಿ ಬಂದ್. ಕವರ್ ಬಿಚ್ಚಿದ್ದಾಗ 50 ಎಂಎಲ್ ಸಿರಿಂಜಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಕ್ರ್ಯಾಂಕ್ ತುದಿಯ ರಂಧ್ರಕ್ಕೆ ಗಟ್ಟಿಯಾಗಿ ಹಿಡಿದು ಆಯಿಲ್ ಒತ್ತಿ. ನಿಧಾನಕ್ಕೆ ಒಳಗೆ ಇಳಿದರೆ ದಾರಿ ತೆರೆದಿದೆ. ಸಿರಿಂಜು ಕಲ್ಲಿನ ಹಾಗೆ ನಿಂತರೆ ಕ್ರ್ಯಾಂಕ್ ಮತ್ತೆ ಹೊರಗೆ ಬರಲೇಬೇಕು, ಬೇರೆ ಉಪಾಯ ಇಲ್ಲ. ಬ್ಯಾರಲ್ ಕೂರಿಸುವ ಮೊದಲೇ ಈ ಪರೀಕ್ಷೆ ಮಾಡಿದರೆ ಬಿಗ್ ಎಂಡಿನ ಎರಡೂ ಬದಿ ಆಯಿಲ್ ಜಿನುಗೋದು ಕಣ್ಣಿಗೇ ಕಾಣುತ್ತೆ. ನಿಮ್ಮ ಮೆಕ್ಯಾನಿಕ್ಕನ್ನು ಇದೊಂದನ್ನು ಮಾಡಿದ್ರಾ ಅಂತ ಕೇಳಿ.

ಕೆಳಗೆ ಹೊಗೆ ಬಗ್ಗೆ ಕೇಳಿದವರಿಗೆ: ರಾತ್ರಿ ನಿಂತ ಗಾಡಿ ಬೆಳಗ್ಗೆ ನೀಲಿ ಹೊಗೆ ಉಗುಳಿ ಆಮೇಲೆ ಸರಿಹೋದರೆ, ಟ್ಯಾಂಕಿನ ಆಯಿಲ್ ಪಂಪ್ ಡಿಸ್ಕಿನ ಮೂಲಕ ತಳಕ್ಕೆ ಇಳಿದಿದೆ. ರಿಂಗ್ ಬದಲಿಸಬೇಡಿ, ಡಿಸ್ಕು ತಿಕ್ಕಿ. ಓಡಿಸಿ ನಿಲ್ಲಿಸಿದ ಕೂಡಲೇ ಕ್ರ್ಯಾಂಕ್‌ಕೇಸಿನ ಡ್ರೈನ್ ತೆಗೆದರೆ ಒಂದು ಟೀ ಲೋಟಕ್ಕಿಂತ ಹೆಚ್ಚು ಬರಬಾರದು. ಬಂದರೆ ರಿಟರ್ನ್ ಪಂಪು ಸೋತಿದೆ. ಡಿಪ್‌ಸ್ಟಿಕ್ಕನ್ನೂ ಓಡಿಸಿ ಬಂದ ಮೇಲೇ ನೋಡಬೇಕು, ಬೆಳಗ್ಗೆ ನೋಡಿ ಕಮ್ಮಿ ಅಂತ ಸುರಿದರೆ ಬ್ರೀದರಿನಿಂದ ಎಲ್ಲಾ ಹೊರಗೆ.

ಇದೆಲ್ಲಾ ಕಾಸ್ಟ್ ಐರನ್ ಇಂಜಿನ್ನಿಗೆ ಮಾತ್ರ. ಆಮೇಲೆ ಬಂದ ಎವಿಎಲ್, ಯುಸಿಇ ಇಂಜಿನ್ನಿನ ಗಾಡಿಗಳ ಪಂಪೇ ಬೇರೆ ಥರದ್ದು, ಅವಕ್ಕೆ ಈ ಲೆಕ್ಕ ಹಾಕಬೇಡಿ. ಫೀಡ್ ಪ್ಲಗ್ಗಿನಲ್ಲಿ ಏನು ಕಂಡಿತು ಅಂತ ಬರೀರಿ ಸರ್, ಕವರ್ ಬಿಚ್ಚಿದರೆ ಕಾರ್ಕ್ ಇರುವ ಜಾಗದ ಫೋಟೋನೂ ಹಾಕಿ.