ಜಿಎಸ್‌ಟಿ ಬಂದ ಮೇಲೆ ಕಟ್ಟಿದ ಹಳೆ ಸರ್ವಿಸ್ ಟ್ಯಾಕ್ಸ್ ವಾಪಸ್ ಸಿಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. 2016-17ರಲ್ಲಿ ಕಚ್ಚಾ ಮಾಲು ತಂದ ಲಾರಿ ಬಾಡಿಗೆಯ ಮೇಲೆ ನಿಮ್ಮ ಕಾರ್ಖಾನೆ ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಕೊಟ್ಟವರ ಬದಲು ಪಡೆದವರೇ ಕಟ್ಟುವ ಪದ್ಧತಿ) ಸರ್ವಿಸ್ ಟ್ಯಾಕ್ಸ್ ಕಟ್ಟಬೇಕಿತ್ತು, ಕಟ್ಟಿರಲಿಲ್ಲ. ಆಡಿಟ್, ನೋಟಿಸ್, ಆದೇಶ ಎಲ್ಲ ಮುಗಿದು ಕೆಲವು ತಿಂಗಳ ಹಿಂದೆ ಬಡ್ಡಿ ಸಮೇತ ಕಟ್ಟಿದ್ದೀರಿ. ಹಳೆ ಪದ್ಧತಿ ಇದ್ದಿದ್ದರೆ ಅದು ಸೆನ್‌ವ್ಯಾಟ್ ಕ್ರೆಡಿಟ್ ಆಗುತ್ತಿತ್ತು, ಅಂದರೆ ನೀವು ಮುಂದೆ ಕಟ್ಟುವ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದಿತ್ತು. ಈಗ ಆ ಖಾತೆಯೇ ಇಲ್ಲ. ಹಾಗಾದರೆ ದುಡ್ಡು ಹೋದಂತೆಯೇ?

ಇಲ್ಲ, ಕೇಳಿ ಪಡೆಯಲು ದಾರಿ ಇದೆ. ಸಣ್ಣ ಕಾರ್ಖಾನೆಗಳ ತೆರಿಗೆ ಲೆಕ್ಕ ನೋಡುವುದೇ ನನ್ನ ಕೆಲಸ. ಇಂಥ ಹಣವನ್ನು ಸುಮ್ನೆ ಖರ್ಚಿಗೆ ಬರೆದು ಕೈಬಿಡುವವರನ್ನು ಕಂಡರೆ ಸಂಕಟವಾಗುತ್ತದೆ.

ದಾರಿ ಇರುವುದು ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 142(3)ನೇ ಕಲಮಿನಲ್ಲಿ. 2017ರ ಜುಲೈ 1ಕ್ಕೆ ಮೊದಲು, ಅಂದು ಅಥವಾ ಆಮೇಲೆ, ಯಾವಾಗ ಅರ್ಜಿ ಹಾಕಿದರೂ ಹಳೆ ಕಾನೂನಿನ ರೀಫಂಡನ್ನು ಹಳೆ ಕಾನೂನಿನಂತೆಯೇ ತೀರ್ಮಾನ ಮಾಡಬೇಕು, ಬರಬೇಕಾದದ್ದನ್ನು ನಗದಾಗಿ ಕೊಡಬೇಕು ಎಂದು ಅದು ಹೇಳುತ್ತದೆ. ಆದರೆ ಟ್ರಾನ್-1 ಎಂಬ ಫಾರ್ಮಿನಲ್ಲಿ ಜಿಎಸ್‌ಟಿಗೆ ಸಾಗಿಸಿದ ಹಳೆ ಕ್ರೆಡಿಟ್ಟನ್ನು ಮತ್ತೆ ನಗದಾಗಿ ಕೇಳುವಂತಿಲ್ಲ. ನೀವು ಕಟ್ಟಿದ್ದೇ ಈಗ, ಹಾಗಾಗಿ ಆ ತೊಡಕು ನಿಮಗಿಲ್ಲ.

ಮೊದಲು ನೋಡಬೇಕಾದದ್ದು ಹಳೆ ಕಾನೂನಿನಲ್ಲಿ ನಿಮಗೆ ಹಕ್ಕಿತ್ತೇ ಎಂಬುದನ್ನು. ಆ ವರ್ಷ ನೀವು ಎಕ್ಸೈಸ್ (ತಯಾರಿಸಿದ ಮಾಲಿನ ಮೇಲಿನ ಹಳೆ ತೆರಿಗೆ) ಕಟ್ಟುತ್ತಿದ್ದಿರಿ ಅಲ್ವಾ? 1.5 ಕೋಟಿ ರೂಪಾಯಿವರೆಗಿನ ಸಣ್ಣ ಉದ್ಯಮದ ವಿನಾಯಿತಿಯಲ್ಲಿದ್ದರೆ ಕ್ರೆಡಿಟ್ಟೇ ಇರಲಿಲ್ಲ, ರೀಫಂಡೂ ಇಲ್ಲ. ಬಾಡಿಗೆ ಒಳಗೆ ಬಂದ ಮಾಲಿನದೇ ಆಗಿರಬೇಕು. ಗಿರಾಕಿಯ ಬಾಗಿಲವರೆಗೆ ಮಾಲು ಕಳಿಸಿದ ಬಾಡಿಗೆಗೆ ಕ್ರೆಡಿಟ್ ಇಲ್ಲ ಎಂದು ಅಲ್ಟ್ರಾಟೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಕಟ್ಟಿದ್ದೆಲ್ಲವನ್ನೂ ಕೇಳಬೇಡಿ. 2016ರ ಜೂನ್ 1ರಿಂದ ದರ ಶೇ. 15 ಇತ್ತು. ಲಾರಿ ಬಾಡಿಗೆಯಲ್ಲಿ ಶೇ. 30ರ ಮೇಲೆ ಮಾತ್ರ ತೆರಿಗೆ. ಅಂದರೆ 10 ಲಕ್ಷ ಬಾಡಿಗೆಗೆ 45,000 ರೂಪಾಯಿ. ಆ ಶೇ. 15ರಲ್ಲಿ ಶೇ. 0.5 ಸ್ವಚ್ಛ ಭಾರತ ಸೆಸ್, ಇನ್ನೊಂದು ಶೇ. 0.5 ಕೃಷಿ ಕಲ್ಯಾಣ ಸೆಸ್. ಮೊದಲನೆಯದಕ್ಕೆ ಯಾರಿಗೂ ಕ್ರೆಡಿಟ್ ಇರಲಿಲ್ಲ, ಎರಡನೆಯದು ಕಾರ್ಖಾನೆಯವರಿಗೆ ಇರಲಿಲ್ಲ. ನಿಮಗೆ ಉಳಿಯುವುದು 42,000. ಬಡ್ಡಿ, ದಂಡ ಬರುವುದಿಲ್ಲ. ಜಾಸ್ತಿ ಕೇಳಿದರೆ ಇಡೀ ಅರ್ಜಿಯ ಮೇಲೆಯೇ ಅನುಮಾನ ಬರುತ್ತದೆ.

ಅರ್ಜಿಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಬೇಡಿ. ಕೇಂದ್ರ ತೆರಿಗೆ ಇಲಾಖೆಯ ನಿಮ್ಮ ವಿಭಾಗದ ಅಸಿಸ್ಟೆಂಟ್ ಕಮಿಷನರ್ ಹತ್ತಿರ, ಹಳೆ ಎಕ್ಸೈಸ್ ರೀಫಂಡಿನ ಫಾರ್ಮ್ ಆರ್‌ನಲ್ಲಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತೆರಿಗೆ ಕಟ್ಟಿದ ಚಲನ್ ಎಲ್ಲಕ್ಕಿಂತ ಮುಖ್ಯ. ಸೆನ್‌ವ್ಯಾಟ್ ನಿಯಮ 9ರಲ್ಲಿ ಕ್ರೆಡಿಟ್‌ಗೆ ದಾಖಲೆ ಅದೇ. ಜೊತೆಗೆ ಎಲ್‌ಆರ್ (ಲಾರಿ ರಸೀದಿ), ಬಾಡಿಗೆ ಬಿಲ್, ಮಾಲು ಒಳಬಂದ ರಿಜಿಸ್ಟರ್, ಆದೇಶದ ಪ್ರತಿ, ಹೊರೆಯನ್ನು ಗಿರಾಕಿ ಮೇಲೆ ಹಾಕಿಲ್ಲ ಎಂಬ ಸಿಎ ಪ್ರಮಾಣಪತ್ರ ಇಡಿ.

ಕಟ್ಟಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಿಬಿಡಲಿ. 142(3)ಕ್ಕೆ ಆ ಗಡುವು ಅನ್ವಯಿಸುವುದಿಲ್ಲ ಎಂದು ವಾದಿಸುವವರಿದ್ದಾರೆ. ವಾದ ಗೆಲ್ಲಲು ವರ್ಷಗಟ್ಟಲೆ ಬೇಕು, ಅರ್ಜಿ ಬರೆಯಲು ಒಂದು ವಾರ ಸಾಕು.

ಇಲಾಖೆ ಎರಡು ಮಾತು ಎತ್ತಬಹುದು. ಒಂದು, ಹಳೆ ಬಾಕಿ ವಸೂಲಾದರೆ ಅದಕ್ಕೆ ಜಿಎಸ್‌ಟಿಯಲ್ಲಿ ಕ್ರೆಡಿಟ್ ಇಲ್ಲ ಎನ್ನುವ 142(8). ಸರಿ, ನೀವು ಕೇಳುತ್ತಿರುವುದು ಜಿಎಸ್‌ಟಿ ಕ್ರೆಡಿಟ್ಟಲ್ಲ, ಹಳೆ ಕಾನೂನಿನ ಹಣ. ಇದನ್ನು ಅರ್ಜಿಯಲ್ಲೇ ಬರೆಯಿರಿ. ಇನ್ನೊಂದು, ರುಂಗ್ಟಾ ಮೈನ್ಸ್ ಪ್ರಕರಣದ ಜಾರ್ಖಂಡ್ ಹೈಕೋರ್ಟ್ ತೀರ್ಪು, 2022ರದು. ಹಳೆ ಕಾನೂನಿನಲ್ಲಿ ಹಕ್ಕಿಲ್ಲದವರಿಗೆ, ಇದ್ದ ಹಕ್ಕು ಕಳೆದುಕೊಂಡವರಿಗೆ 142(3) ಹೊಸ ಹಕ್ಕು ಕೊಡುವುದಿಲ್ಲ ಎನ್ನುತ್ತದೆ ಅದು. ಇದು ಗಟ್ಟಿಯಾದ ಆಕ್ಷೇಪ, ಹಗುರವಾಗಿ ತೆಗೆದುಕೊಳ್ಳಬೇಡಿ. ತೆರಿಗೆ ಕಟ್ಟುವ ಮೊದಲು ಕ್ರೆಡಿಟ್ ಹುಟ್ಟುವುದೇ ಇಲ್ಲ, ಕಟ್ಟುವಾಗ ಖಾತೆ ಮುಚ್ಚಿತ್ತು ಎಂಬುದೇ ನಿಮ್ಮ ಉತ್ತರ. ಇಂಥ ಸಂದರ್ಭದಲ್ಲಿ ತೆರಿಗೆ ಕಟ್ಟಿದವರ ಪರವಾಗಿ ತೆರಿಗೆ ನ್ಯಾಯಮಂಡಳಿಯ ಆದೇಶಗಳಿವೆ.

ಅರ್ಜಿ ತಿರಸ್ಕಾರವಾದರೆ ಎರಡು ತಿಂಗಳೊಳಗೆ ಕಮಿಷನರ್ (ಅಪೀಲ್ಸ್) ಮುಂದೆ ಹೋಗಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲೇ ನ್ಯಾಯಮಂಡಳಿಯ ಪೀಠವಿದೆ. ರೀಫಂಡ್ ಮಂಜೂರಾದರೆ, ಅರ್ಜಿ ಕೊಟ್ಟು ಮೂರು ತಿಂಗಳಾದ ಮೇಲಿನ ವಿಳಂಬಕ್ಕೆ ಶೇ. 6ರ ಬಡ್ಡಿಯನ್ನೂ ಕೇಳಿ. ಕೇಳದೆ ಅವರಾಗಿ ಕೊಟ್ಟದ್ದನ್ನು ನಾನು ನೋಡಿಲ್ಲ.